ಪಾಟಿ ಮ್ಯಾಲಿನ ನೀರು ಎಲ್ಲಿ ಹೋಯ್ತ್ರಿ ಅಕ್ಕೋರೆ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆರು ವರ್ಷದಿಂದ ಶಿಕ್ಷಕಿ. 4 ಮತ್ತು 5ನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ, ಒಟ್ಟು 46 ಮಕ್ಕಳು. ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಡಿ.ಎಡ್ ಮಾಡಿದವಳು ನಾನು. ಪರಿಸರ ಅಧ್ಯಯನದಲ್ಲಿ ವಿಜ್ಞಾನದ ಪಾಠ ಬಂದರೆ ಎದೆ ಡವಡವ ಅನ್ನುತ್ತದೆ. ಓದಿಸುತ್ತೇನೆ, ಪ್ರಶ್ನೋತ್ತರ ಬರೆಸುತ್ತೇನೆ, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಹೋದ ವಾರ ಜಲಚಕ್ರದ ಪಾಠ ನಡೆಯುವಾಗ ಒಬ್ಬ ಹುಡುಗ ತನ್ನ ಪಾಟಿ ತೋರಿಸಿ, ‘ಈಗಷ್ಟೇ ಒರೆಸೀನಿ, ಪಾಟಿ ಮ್ಯಾಲಿನ ನೀರು ಎಲ್ಲಿ ಹೋಯ್ತ್ರಿ ಅಕ್ಕೋರೆ?’ ಅಂದ. ‘ಆವಿ ಆಯ್ತು’ ಅಂದೆ. ‘ಆವಿ ಅಂದ್ರೇನ್ರಿ?’ ಅಂದ. ‘ನೀರು ಕಾದು ಮೇಲೆ ಹೋಗೋದು’ ಅಂದೆ. ‘ಪಾಟಿ ಕಾದೇ ಇಲ್ಲಲ್ರಿ, ತಣ್ಣಗ ಅದ’ ಅಂದ. ನನಗೆ ಮುಂದೆ ಮಾತು ಬರಲಿಲ್ಲ. ‘ಸುಮ್ನೆ ಪುಸ್ತಕ ನೋಡು’ ಅಂತ ಗದರಿಸಿ ಕೂರಿಸಿದೆ. ಅವತ್ತಿನಿಂದ ಅವನು ಕೈ ಎತ್ತಿಲ್ಲ. ನಮ್ಮಲ್ಲಿ ಪ್ರಯೋಗಾಲಯ ಇಲ್ಲ. ಅರ್ಧ ಮಕ್ಕಳ ಮನೆಮಾತು ಲಂಬಾಣಿ, ಇಲ್ಲವೇ ಉರ್ದು. ಪಾಠ ಮುಗಿಸಿ ಅಂತ ಮುಖ್ಯಗುರುಗಳು, ನೋಟ್ಸ್ ಎಲ್ಲಿ ಅಂತ ಪಾಲಕರು. ಪ್ರಯೋಗ ಮಾಡಲು ಹೋಗಿ, ಸಿಆರ್‌ಪಿ (ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಎದುರಿಗೆ ಅದು ಕೆಟ್ಟರೆ ಏನು ಗತಿ? ನನ್ನಂಥವಳು ವಿಜ್ಞಾನ ಕಲಿಸುವುದೇ ತಪ್ಪಾ?

ಉತ್ತರ: ಅಕ್ಕೋರೆ, ನಿಮ್ಮ ಮಕ್ಕಳು ಕರೆಯುವ ಹಾಗೇ ನಾನೂ ಕರೆಯುತ್ತೇನೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಆ ಹುಡುಗನ ಮಾತಿನ ಹತ್ತಿರ ನಿಂತುಬಿಟ್ಟೆ. ‘ಪಾಟಿ ತಣ್ಣಗ ಅದ’ ಅಂದನಲ್ಲ, ಅದು ನಿಜ. ಒದ್ದೆ ಪಾಟಿ ಒಣಗುವಾಗ ತಣ್ಣಗೇ ಇರುತ್ತದೆ, ಪಕ್ಕದ ಒಣ ಪಾಟಿಗಿಂತ ಜಾಸ್ತಿ ತಣ್ಣಗೆ. ಅವನು ಮುಟ್ಟಿ ನೋಡಿ ಹೇಳಿದ್ದಾನೆ. ‘ಕಾದು ಮೇಲೆ ಹೋಗೋದು’ ಅನ್ನುವ ನಿಮ್ಮ ಉತ್ತರ ಕೈಗೆ ಸಿಕ್ಕಿದ್ದಕ್ಕೆ ಹೊಂದುತ್ತಿಲ್ಲ ಅಂತ ತಕ್ಷಣ ಕಂಡುಹಿಡಿದಿದ್ದಾನೆ. 9 ವರ್ಷದ ಮಗು ವಿಜ್ಞಾನ ಮಾಡುವುದು ಅಂದರೆ ಇದೇ. ಅದು ನಿಮ್ಮ ಕೋಣೆಯಲ್ಲಿ, ಪ್ರಯೋಗಾಲಯ ಇಲ್ಲದೆ, ನಡೆದೇ ಹೋಗಿದೆ.

ನೀವು ಮಾತು ತಪ್ಪಿ ನಿಂತದ್ದು ಕಲಾ ವಿಭಾಗ ಓದಿದ್ದಕ್ಕಲ್ಲ. ಬಿ.ಎಸ್ಸಿ ಮಾಡಿದವರೂ ಇದೇ ಜಾಗದಲ್ಲಿ ನಿಂತಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾದಗಿರಿ ಇನ್ನೂ ಕಲಬುರಗಿ ಜಿಲ್ಲೆಯೊಳಗೇ ಇದ್ದ ಕಾಲದಿಂದ ನಾನು ಈ ಭಾಗದ ಪ್ರಾಥಮಿಕ ಶಾಲೆಗಳಲ್ಲಿದ್ದೇನೆ. ಮೊದಲು ಶಿಕ್ಷಕನಾಗಿ, ಆಮೇಲೆ ಶಿಕ್ಷಕರ ಜೊತೆ ಕೂತು ಪಾಠ ಕಟ್ಟುವವನಾಗಿ. ಕಷ್ಟ ಎಲ್ಲಿದೆ ಅಂದರೆ, ನಮ್ಮೆಲ್ಲರಿಗೂ ಪದ ಮೊದಲು ಸಿಕ್ಕಿದೆ, ವಸ್ತು ಆಮೇಲೆ. ಎಷ್ಟೋ ಸಲ ವಸ್ತು ಸಿಕ್ಕೇ ಇಲ್ಲ. ‘ಆವಿ’ ಅನ್ನುವ ಪದ ಸಿಕ್ಕಿತು, ಬರೆದೆವು, ಅಂಕ ಬಂತು. ಒಂದು ಮಗು ಅದನ್ನು ಬಿಚ್ಚಿ ತೋರಿಸಿ ಅಂದಾಗ ಒಳಗೆ ಏನೂ ಇರಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು: ಹೆಸರು ಕಡೆಗೆ ಬರಲಿ. ಮೊದಲು ಮಕ್ಕಳು ನೋಡಲಿ, ಏನಾಗುತ್ತದೆ ಅಂತ ಊಹೆ ಹೇಳಲಿ, ಕೈಯಾರೆ ಮಾಡಲಿ, ತಮ್ಮ ಮಾತಿನಲ್ಲಿ ಜಗಳ ಆಡಲಿ. ಎಲ್ಲ ಆದಮೇಲೆ, ‘ಇದಕ್ಕೆ ಪುಸ್ತಕದಲ್ಲಿ ಒಂದು ಹೆಸರಿದೆ’ ಅಂತ ನೀವು ಪದ ಕೊಡಿ.

ಮನೆಮಾತಿನ ಚಿಂತೆಗೂ ಉತ್ತರ ಇಲ್ಲೇ ಇದೆ. ಪಾಠ ‘ಬಾಷ್ಪೀಕರಣ’ ಅಂತ ಶುರುವಾದರೆ ಲಂಬಾಣಿ ತಾಂಡಾದ ಮಗು ಮೊದಲ ನಿಮಿಷದಲ್ಲೇ ಹೊರಗೆ ಉಳಿಯುತ್ತದೆ. ಖರೆ ಹೇಳಬೇಕೆಂದರೆ ಕನ್ನಡದ ಮಗುವೂ ಅಷ್ಟೇ. ಒಂದು ಚಮಚ ನೀರು ನೆಲಕ್ಕೆ ಸುರಿದು ಶುರು ಮಾಡಿದರೆ ಎಲ್ಲರೂ ಒಳಗೆ. ಯಾವ ಭಾಷೆಯಲ್ಲಿ ಹೇಳಿದರೂ ಬರೆದುಕೊಳ್ಳಿ. ನಮ್ಮ ಮನೆಮಾತೇನು ಬಡ ಭಾಷೆಯಲ್ಲ. ನೀರು ಕಾಣೆಯಾಗುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತಿವೆ ನೋಡಿ: ಬಟ್ಟೆ ಆರುತ್ತದೆ, ಬಾವಿ ಬತ್ತುತ್ತದೆ, ಹೊಲದಲ್ಲಿ ನೀರು ಇಂಗುತ್ತದೆ, ಗಡಿಗೆ ಜಿನುಗುತ್ತದೆ, ಕೊಡ ಸೋರುತ್ತದೆ. ಆರುವುದೇ ಬೇರೆ, ಇಂಗುವುದೇ ಬೇರೆ ಅಂತ ಒಕ್ಕಲುತನದ ಮನೆಯ ಮಗುವಿಗೆ ಶಾಲೆಗೆ ಬರುವ ಮೊದಲೇ ಗೊತ್ತು. ನೀರು ಮೇಲೆ ಹೋಯಿತೋ ಕೆಳಗೆ ಇಳಿಯಿತೋ ಅನ್ನುವ ವ್ಯತ್ಯಾಸ ಅದು. ‘ನಿಮ್ಮ ಮನೆಯಲ್ಲಿ ಏನಂತೀರಿ?’ ಅಂತ ಲಂಬಾಣಿ, ಉರ್ದು, ತೆಲುಗು ಮಕ್ಕಳನ್ನು ಕೇಳಿ, ಬೋರ್ಡಿನ ಮೇಲೆ ಸಾಲಾಗಿ ಬರೆಯಿರಿ. ಮಂಜುಗಡ್ಡೆ ಅಂದರೆ ಮುಖ ನೋಡುವ ಮಗು, ‘ಬರ್ಫ್’ ಅಂದರೆ ಕೈ ಎತ್ತುತ್ತದೆ.

ಈಗ ಆ ಪಾಟಿಯ ನೀರಿನ ಪಾಠವನ್ನೇ ಮತ್ತೆ ಮಾಡೋಣ. ನಾನು ಇದನ್ನು ಹತ್ತಾರು ಶಾಲೆಯಲ್ಲಿ ಮಾಡಿದ್ದೇನೆ, ಮಕ್ಕಳು ಏನೇನು ಹೇಳುತ್ತಾರೆ ಅಂತ ಸ್ವಲ್ಪ ಗೊತ್ತು.

ನಿಮ್ಮ ಶಾಲೆಯ ಪಡಸಾಲೆಯಲ್ಲಿ ಶಹಾಬಾದ್ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಇದ್ದೇ ಇರುತ್ತದೆ. ಒಂದು ಕಲ್ಲಿನ ಮೇಲೆ ಒಂದು ಚಮಚ ನೀರು ಸುರಿದು ಕೈಯಿಂದ ಹರಡಿ. ಅಂಚಿನ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ಐದು ನಿಮಿಷ ಬಿಟ್ಟು ಮತ್ತೆ ಗೆರೆ. ಒದ್ದೆ ಒಳಗೊಳಗೇ ಸಣ್ಣದಾಗುತ್ತದೆ, ಗೆರೆಗಳು ಮಾತ್ರ ಒಂದರೊಳಗೊಂದು ಉಳಿಯುತ್ತವೆ. ಕಡೆಗೆ ನೀರಿಲ್ಲ. ‘ಎಲ್ಲಿ ಹೋಯ್ತು?’ ಅಂತ ಕೇಳಿ, ಸುಮ್ಮನಾಗಿ. ಸುಮ್ಮನಿರುವುದೇ ಕಷ್ಟ. ನಮ್ಮ ಬಾಯಿ ಉತ್ತರ ಹೇಳಲು ತುರಿಸುತ್ತಿರುತ್ತದೆ.

ಮೊದಲು ಬರುವ ಉತ್ತರ: ‘ಕಲ್ಲು ಕುಡೀತ್ರಿ.’ ತಪ್ಪು ಅನ್ನಬೇಡಿ. ಒಳ್ಳೆಯ ಊಹೆ ಅದು, ಕರಿಮಣ್ಣು ನೀರು ಕುಡಿಯುವುದನ್ನು ನೋಡಿದ ಮಗು ಬೇರೆ ಏನು ಹೇಳೀತು? ‘ಹಂಗಾದ್ರ, ಕುಡಿಯದೇ ಇರೋ ವಸ್ತು ಯಾವುದು?’ ಅಂತ ಕೇಳಿ. ಯಾರಾದರೂ ಬಿಸಿಯೂಟದ ಸ್ಟೀಲ್ ತಟ್ಟೆ ಅನ್ನುತ್ತಾರೆ. ಅದೇ ಚಮಚ ನೀರು ತಟ್ಟೆಯ ಮೇಲೆ. ತಟ್ಟೆಯೂ ಒಣಗುತ್ತದೆ. ಕಲ್ಲಿನ ಮೇಲಿನ ಅನುಮಾನ ಹೋಯಿತು.

ಎರಡನೆಯದು: ‘ಬಿಸಿಲು ಎಳಕೊಂಡ್ತ್ರಿ.’ ಇದು ನಿಮ್ಮ ‘ಕಾದು ಮೇಲೆ ಹೋಗೋದು’ ಉತ್ತರದ ಅಣ್ಣ. ಪುಸ್ತಕದ ಚಿತ್ರಗಳಲ್ಲಿ ಸೂರ್ಯ, ಕೆಳಗೆ ಸಮುದ್ರ, ನಡುವೆ ಬಾಣದ ಗುರುತು ಇರುತ್ತದಲ್ಲ, ಹಾಗಾಗಿ ಬಿಸಿಲಿಲ್ಲದೆ ನೀರು ಆರುವುದೇ ಇಲ್ಲ ಅಂತ ಮಕ್ಕಳು ತಿಳಿಯುತ್ತಾರೆ. ಎಷ್ಟೋ ದೊಡ್ಡವರೂ ನೀರು ಕುದಿದರೆ ಮಾತ್ರ ಆವಿ ಅಂತ ನಂಬಿದ್ದಾರೆ. ಒಂದು ಚಮಚ ನೀರನ್ನು ತಟ್ಟೆಯಲ್ಲಿ ಹಾಕಿ ಸಂಜೆ ಬಾಗಿಲು ಮುಚ್ಚಿದ ಕೋಣೆಯಲ್ಲಿಟ್ಟು ಹೋಗಿ. ಬೆಳಗ್ಗೆ ಬಂದು ಎಲ್ಲರೂ ನೋಡಿ. ರಾತ್ರಿ ಒಗೆದು ಹಾಕಿದ ಸಮವಸ್ತ್ರ ಬೆಳಗ್ಗೆ ಒಣಗಿರುವುದಿಲ್ವಾ ಅಂತ ಕೇಳಿ. ಬಿಸಿಲು ಕೆಲಸವನ್ನು ಬೇಗ ಮಾಡಿಸುತ್ತದೆ, ಆದರೆ ಬಿಸಿಲಿಲ್ಲದೆಯೂ ಕೆಲಸ ನಡೆಯುತ್ತದೆ.

ಮೂರನೆಯದು, ಯಾರೋ ಮೆಲ್ಲಗೆ ಹೇಳುತ್ತಾರೆ: ‘ಗಾಳಿಯೊಳಗ ಹೋಗ್ಯದ.’ ಇದನ್ನು ಹೊಗಳಿ ಮುಗಿಸಿಬಿಡಬೇಡಿ. ‘ಹೇಗೆ ಗೊತ್ತು?’ ಅಂತ ಕೇಳಿ. ಎರಡು ಖಾಲಿ ಉಪ್ಪಿನಕಾಯಿ ಬಾಟಲಿ ತೊಳೆದು ಒರೆಸಿಡಿ. ಎರಡರಲ್ಲೂ ಒಂದೊಂದು ಚಮಚ ನೀರು. ಒಂದಕ್ಕೆ ಮುಚ್ಚಳ ಬಿಗಿಯಿರಿ, ಒಂದನ್ನು ತೆರೆದಿಡಿ. ಎರಡನ್ನೂ ಬಿಸಿಲಿಗಿಡಿ. ಮುಚ್ಚಿದ್ದರ ಒಳಗೋಡೆಯ ಮೇಲೆ ಹನಿ ಕೂರುತ್ತದೆ, ನೀರು ಎಲ್ಲೂ ಹೋಗುವುದಿಲ್ಲ. ತೆರೆದದ್ದು ನಿಧಾನಕ್ಕೆ ಬರಿದಾಗುತ್ತದೆ. ಇದರ ಜೊತೆಗೆ ಅಂಗಳದ ಬೇವಿನ ಕೊಂಬೆಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಕಟ್ಟಿ, ದಾರದಿಂದ ಬಿಗಿಯಿರಿ. ಒಂದೆರಡು ತಾಸಿಗೆ ಒಳಗೆ ಹನಿ ಕಾಣುತ್ತದೆ. ಒಂದು ಶಾಲೆಯಲ್ಲಿ ಒಬ್ಬಳು ಹುಡುಗಿ ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ‘ಎಲಿಗೆ ಬೆವರು ಬಂದದ’ ಅಂದಿದ್ದಳು. ಅವಳ ವಾಕ್ಯವನ್ನೇ ಬೋರ್ಡಿನ ಮೇಲೆ ಬರೆಸಿದೆ.

ಈಗ ‘ಆವಿ’ ಪದ ಕೊಡಿ. ಈಗ ಆ ಪದಕ್ಕೆ ಕೂರಲು ಜಾಗ ಇದೆ.

ನಿಮಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಮಕ್ಕಳಿಗೆ ಇಷ್ಟೂ ಬೇಡ. ನೀರು ಅನ್ನುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಗುಂಪು. ಅವು ಸುಮ್ಮನಿರುವುದಿಲ್ಲ, ಸದಾ ಓಡಾಡುತ್ತವೆ. ಮೇಲ್ಮೈಯಲ್ಲಿರುವ ಕೆಲವು ಕಣಗಳಿಗೆ ವೇಗ ಜಾಸ್ತಿ ಇದ್ದಾಗ ಗುಂಪು ಬಿಟ್ಟು ಗಾಳಿಗೆ ಹಾರುತ್ತವೆ. ವೇಗದವು ಹೋದರೆ ಉಳಿಯುವುದು ನಿಧಾನದವು. ಕಣ ನಿಧಾನ ಅಂದರೆ ವಸ್ತು ತಣ್ಣಗೆ ಅಂತ ಅರ್ಥ. ಆ ಹುಡುಗನ ಪಾಟಿ ತಣ್ಣಗಿದ್ದದ್ದು ಇದಕ್ಕೇ. ಬೇಸಿಗೆಯಲ್ಲಿ ಗಡಿಗೆಯ ನೀರು ತಂಪಾಗುವುದೂ ಇದಕ್ಕೇ. ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ, ಆರುತ್ತದೆ, ಆರುತ್ತಾ ಗಡಿಗೆಯ ಬಿಸಿ ತೆಗೆದುಕೊಂಡು ಹೋಗುತ್ತದೆ. ಅಂದರೆ ನೀರು ಕಾಯುವುದು ಬೇಕಿಲ್ಲ, ಆರುವುದೇ ತಂಪು ಮಾಡುತ್ತದೆ.

ಇನ್ನೊಂದು ಮಾತು, ಇದನ್ನು ನಾವು ಶಿಕ್ಷಕರೇ ತಪ್ಪಾಗಿ ಹೇಳುತ್ತೇವೆ. ಬಿಸಿಯೂಟದ ಪಾತ್ರೆಯಿಂದ ಬೆಳ್ಳಗೆ ಏಳುವುದನ್ನು ತೋರಿಸಿ ‘ಅದೇ ಆವಿ’ ಅನ್ನುತ್ತೇವೆ. ಆವಿ ಕಣ್ಣಿಗೆ ಕಾಣುವುದಿಲ್ಲ. ಬೆಳ್ಳಗೆ ಕಾಣುವುದು ಆವಿ ತಣ್ಣಗಾಗಿ ಮತ್ತೆ ನೀರಾದ ಸಣ್ಣ ಸಣ್ಣ ಹನಿ. ಕುದಿಯುವ ಕೆಟಲಿನ ಮೂತಿಯ ಹತ್ತಿರವೇ ನೋಡಿ, ಒಂದು ಬೆರಳಷ್ಟು ಜಾಗ ಖಾಲಿ ಕಾಣುತ್ತದೆ, ಆಮೇಲೆ ಬಿಳುಪು ಶುರು. ಆ ಖಾಲಿ ಕಾಣುವ ಜಾಗದಲ್ಲಿರುವುದೇ ಆವಿ. ಇದನ್ನು ದೂರದಿಂದ ತೋರಿಸಿ, ಕೈ ಚಾಚಿದರೆ ಚರ್ಮ ಸುಡುತ್ತದೆ. ಕಾಣದೇ ಇರುವುದು ಹೇಗೆ ಇರುತ್ತದೆ ಅಂತ ಮಕ್ಕಳು ಕೇಳಿದರೆ ಒಗ್ಗರಣೆಯ ನೆನಪು ಮಾಡಿ. ಅಡುಗೆ ಕೋಣೆಯಲ್ಲಿ ಇಂಗು ಹಾಕಿದ್ದು ಅಂಗಳದಲ್ಲಿ ಗೊತ್ತಾಗುತ್ತದೆ. ಏನೋ ಒಂದು ಗಾಳಿಯಲ್ಲಿ ಬಂದಿದೆ, ಕಣ್ಣಿಗೆ ಮಾತ್ರ ಕಂಡಿಲ್ಲ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರೋಣ, ಪ್ರಯೋಗ ಕೆಟ್ಟರೆ?

ಕೆಡುತ್ತದೆ. ನನ್ನದು ಕೆಟ್ಟಿದೆ. ಕಲಬುರಗಿ ಹತ್ತಿರದ ಒಂದು ಶಾಲೆ, ಮಾರ್ಚ್ ತಿಂಗಳ ಕೊನೆ. ಸ್ಟೀಲ್ ಲೋಟಕ್ಕೆ ತಣ್ಣೀರು ಹಾಕಿದರೆ ಹೊರಗೋಡೆಯ ಮೇಲೆ ಹನಿ ಕೂರುತ್ತದೆ, ಗಾಳಿಯಲ್ಲಿ ನೀರಿದೆ ಅಂತ ಅದರಿಂದ ತೋರಿಸಬಹುದು. ಗಡಿಗೆಯ ನೀರು ತುಂಬಿ ಇಟ್ಟೆ. ಹತ್ತು ನಿಮಿಷ ಕಾದೆವು. ಒಂದು ಹನಿಯೂ ಬರಲಿಲ್ಲ. ಹಿಂದೆ ಮೂವರು ಶಿಕ್ಷಕರು ಕೂತಿದ್ದರು. ನನಗೆ ಬೆವರು ಬಂತು, ಲೋಟಕ್ಕೆ ಬರಲಿಲ್ಲ. ನಾನು ಅವತ್ತು ಮಾಡಿದ ತಪ್ಪು, ‘ಬರಬೇಕಿತ್ತು, ಬಂದಿದೆ ಅಂತ ತಿಳಿದುಕೊಳ್ಳಿ’ ಅಂದದ್ದು. ಅಷ್ಟು ಮಕ್ಕಳ ಕಣ್ಣೆದುರಿಗೆ ಇದ್ದದ್ದನ್ನು ಇಲ್ಲ ಅಂದೆ, ಇಲ್ಲದ್ದನ್ನು ಇದೆ ಅಂದೆ. ಆ ವಾಕ್ಯಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಯಾಕೆ ಬರಲಿಲ್ಲ ಅಂತ ಆಮೇಲೆ ಅರ್ಥವಾಯಿತು. ನಮ್ಮ ಕಡೆ ಮಾರ್ಚ್, ಏಪ್ರಿಲ್ ಗಾಳಿ ಒಣ ಗಾಳಿ. ಅದರಲ್ಲಿ ಇರುವ ನೀರೇ ಕಡಿಮೆ. ಗಡಿಗೆಯ ನೀರಿನಷ್ಟು ತಂಪು ಅದನ್ನು ಹನಿ ಮಾಡಲು ಸಾಲದು, ಬರ್ಫ್ ಬೇಕು. ಅದೇ ಪ್ರಯೋಗವನ್ನು ಮಳೆ ಹಿಡಿದ ಆಗಸ್ಟ್‌ನಲ್ಲಿ ಬರ್ಫ್ ಹಾಕಿ ಮಾಡಿ, ಲೋಟ ಬೇಗ ಬೆವರುತ್ತದೆ. ಸೊಗಸು ಎಲ್ಲಿದೆ ಅಂದರೆ, ಮಾರ್ಚ್‌ನಲ್ಲಿ ನನ್ನ ಲೋಟಕ್ಕೆ ಹನಿ ಬಾರದಿರುವುದಕ್ಕೂ, ಅದೇ ಮಾರ್ಚ್‌ನಲ್ಲಿ ಗಡಿಗೆಯ ನೀರು ಚೆನ್ನಾಗಿ ತಂಪಾಗುವುದಕ್ಕೂ ಕಾರಣ ಒಂದೇ. ಗಾಳಿ ಒಣಗಿದೆ, ಅದಕ್ಕೆ ನೀರಿನ ಹಸಿವು. ಕೊಡುವುದಿಲ್ಲ, ತೆಗೆದುಕೊಳ್ಳುತ್ತದೆ. ಅವತ್ತು ನಾನು ‘ಯಾಕೆ ಬರಲಿಲ್ಲ?’ ಅಂತ ಮಕ್ಕಳನ್ನೇ ಕೇಳಿದ್ದರೆ ಗಡಿಗೆಯವರೆಗೆ ಹೋಗಬಹುದಿತ್ತು.

ಹಾಗಾಗಿ ಸಿಆರ್‌ಪಿ ಇರಲಿ, ಯಾರೇ ಇರಲಿ, ಪ್ರಯೋಗ ಕೆಟ್ಟರೆ ‘ನಾವು ಅಂದುಕೊಂಡ ಹಾಗೆ ಆಗಲಿಲ್ಲ, ಏನು ಬದಲಾಯಿಸೋಣ?’ ಅನ್ನಿ. ಹಿಂದಿನ ದಿನ ಮನೆಯಲ್ಲಿ ಒಂದು ಸಲ ಮಾಡಿ ನೋಡುವುದಂತೂ ಬೇಕೇ ಬೇಕು, ಅದಕ್ಕೆ ರಿಯಾಯಿತಿ ಇಲ್ಲ. ಮಗು ಕೇಳಿದ್ದು ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ, ನೋಡೋಣ’ ಅನ್ನಿ. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ, ಉತ್ತರ ಸಿಗದ ಪ್ರಶ್ನೆಗಳನ್ನು ಮಗುವಿನ ಹೆಸರಿನ ಜೊತೆ ಬರೆದಿಡಿ. ಆದರೆ ವಾರದೊಳಗೆ ಅದಕ್ಕೆ ಮರಳಿ ಬನ್ನಿ. ಬರೆದು ಮರೆತರೆ ಗದರಿಸಿದ್ದಕ್ಕಿಂತ ಕಡೆ.

ಸರಿಯಾಗಿ ‘ಆಗುವ’ ಪ್ರಯೋಗಗಳೂ ದಾರಿ ತಪ್ಪಿಸುತ್ತವೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ ಮಗುಚುವುದು. ದೀಪ ಆರುತ್ತದೆ, ನೀರು ಮೇಲೇರುತ್ತದೆ. ‘ಆಮ್ಲಜನಕ ಖಾಲಿಯಾಯಿತು, ಅದು ಗಾಳಿಯ ಐದನೇ ಒಂದು ಭಾಗ, ಅದಕ್ಕೇ ಅಷ್ಟು ನೀರು ಏರಿತು’ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲು ಇರುವುದು ನಿಜ. ಈ ಪ್ರಯೋಗ ಅದನ್ನು ತೋರಿಸುತ್ತದೆ ಅನ್ನುವುದು ಸುಳ್ಳು. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ದೀಪ ಆರುತ್ತದೆ. ನೀರು ಏರುವುದು ಮುಖ್ಯವಾಗಿ ದೀಪದಿಂದ ಬಿಸಿಯಾಗಿ ಹಿಗ್ಗಿದ್ದ ಗಾಳಿ ತಣ್ಣಗಾಗಿ ಕುಗ್ಗುವುದರಿಂದ. ಒಂದರ ಬದಲು ಮೂರು ಬತ್ತಿ ಹಚ್ಚಿ ನೋಡಿ, ನೀರು ಜಾಸ್ತಿ ಏರುತ್ತದೆ. ಲೋಟದೊಳಗಿನ ಆಮ್ಲಜನಕ ಮಾತ್ರ ಅಷ್ಟೇ ಇತ್ತಲ್ವಾ? ಇದನ್ನು ಹೇಳಿದ್ದು ನಿಮಗೆ ಧೈರ್ಯ ಬರಲಿ ಅಂತ. ವಿಜ್ಞಾನ ಓದಿದವರೇ ವರ್ಷಗಟ್ಟಲೆ ತಪ್ಪು ಹೇಳಿಕೊಂಡು ಬಂದ ಪಾಠ ಇದು. ಡಿಗ್ರಿ ಕಾಪಾಡಲಿಲ್ಲ. ಮೂರನೇ ಬತ್ತಿ ಕಾಪಾಡುತ್ತದೆ.

ಪ್ರಯೋಗಾಲಯದ ಮಾತು ಬೇಗ ಮುಗಿಸುತ್ತೇನೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಒಂದು ಕೆಲಸ ಶುರುವಾಯಿತು. 6ರಿಂದ 8ನೇ ತರಗತಿಯ ಹಳ್ಳಿ ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯಬೇಕು ಅನ್ನುವುದು ಅದರ ಹಠ. ಸುತ್ತಮುತ್ತ ಸಿಗುವ ಅಗ್ಗದ ಸಾಮಾನಿನಿಂದಲೇ ನಡೆಸಿದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟು ಬರೆಯಬಹುದಿತ್ತು. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು, ಅಷ್ಟರೊಳಗೆ 30 ವರ್ಷ ನಡೆದಿತ್ತು. ಪಾಠ ಮಾಡಿದವರು ನಿಮ್ಮ ನನ್ನಂಥ ಹಳ್ಳಿ ಶಿಕ್ಷಕರೇ. ಇನ್ನೊಂದು ಕಡೆ, ನಾನು ನೋಡಿದ ಒಂದು ಶಾಲೆಯಲ್ಲಿ ಹೊಸ ವಿಜ್ಞಾನ ಕಿಟ್ ಅಲಮಾರಿಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಒಡೆದರೆ ಯಾರು ಜವಾಬ್ದಾರಿ ಅನ್ನುವ ಭಯ. ನಿಮ್ಮಲ್ಲೂ ಹಾಗಿದ್ದರೆ ಕೀಲಿ ಕೇಳಿ ತೆಗೆಸಿ. ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ.

ನಮ್ಮ ಸೀಮೆಯೇ ಸಾಕಷ್ಟು ಕೊಡುತ್ತದೆ. ತೊಗರಿ ಕಾಳು ಒದ್ದೆ ಬಟ್ಟೆಯಲ್ಲಿ ಮೊಳಕೆ ಬರುತ್ತದೆ, ಅದೇ ತೊಗರಿಯ ಬೇಳೆ ಯಾಕೆ ಬರುವುದಿಲ್ಲ? ನೆನೆಸಿದ ಕಾಳನ್ನು ಉಗುರಿನಿಂದ ಬಿಡಿಸಿದರೆ ಎರಡು ಹೋಳಿನ ನಡುವೆ ಸಣ್ಣ ಮೊಳಕೆಯ ಮೂಲ ಕಾಣುತ್ತದೆ. ಬೇಳೆ ಮಾಡುವಾಗ ಒಡೆದು ಹೋಗುವುದು ಅದೇ. ಆ ತುಣುಕನ್ನು ಬೆರಳ ತುದಿಯ ಮೇಲೆ ಇಟ್ಟುಕೊಂಡ ಮಗುವಿನ ಮುಖ ನೋಡಬೇಕು ನೀವು. ಕಾಳು ಮಾತ್ರ ಮನೆಯದು ಅಥವಾ ಕಿರಾಣಿ ಅಂಗಡಿಯದು ಇರಲಿ. ಬಿತ್ತನೆಗೆ ತಂದ ಬೀಜಕ್ಕೆ ಬಣ್ಣ ಬೆರೆಸಿದ ಔಷಧಿ ಹಚ್ಚಿರುತ್ತಾರೆ, ಅದು ವಿಷ. ಮಕ್ಕಳ ಕೈಗೆ ಅದು ಹೋಗಲೇಬಾರದು.

ಕಲ್ಲುಗಳೂ ಇವೆ. ಶಹಾಬಾದ್ ಫರಸಿ ಸುಣ್ಣದ ಕಲ್ಲು. ಮೊಳೆಯಿಂದ ಗೀರಿ ಬಂದ ಪುಡಿಯ ಮೇಲೆ ಲಿಂಬೆ ರಸ ಬಿಟ್ಟರೆ ಸಣ್ಣ ಗುಳ್ಳೆ ಏಳುತ್ತವೆ, ಕಿವಿ ಹತ್ತಿರ ತಂದರೆ ಚುರ್ ಅನ್ನುವುದೂ ಕೇಳಬಹುದು. ಯಾದಗಿರಿ ಕೋಟೆ ಗುಡ್ಡದ ಕಲ್ಲಿಗೆ ಅದು ಆಗುವುದಿಲ್ಲ, ಬೀದರಿನ ಕೆಂಪು ಕಲ್ಲಿಗೂ ಆಗುವುದಿಲ್ಲ. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆ ಯಾಕಿವೆ ಅಂತ ಇಲ್ಲಿಂದ ಮಾತು ಬೆಳೆಸಬಹುದು. ಲಿಂಬೆಹಣ್ಣು ಸಾಕು. ಗುಳ್ಳೆ ಜೋರಾಗಿ ಬರಲಿ ಅಂತ ಪಾಯಖಾನೆ ತೊಳೆಯುವ ಆಸಿಡ್ ತರಬೇಡಿ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿ ತೋರಿಸುವುದನ್ನೂ ಬಿಡಿ. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ನೆರಳಿಗೆ ಖರ್ಚೇ ಇಲ್ಲ. ‘12 ಗಂಟೆಗೆ ಸೂರ್ಯ ನೆತ್ತಿಯ ಮೇಲೆ’ ಅಂತ ನಾವು ಹೇಳುತ್ತೇವೆ, ನಮ್ಮಲ್ಲಿ ಅದು ಹಾಗಿಲ್ಲ. ನೆರಳು ಪೂರ್ತಿ ಕಾಲಡಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಮೇ ತಿಂಗಳಲ್ಲಿ ಒಮ್ಮೆ, ಆಗ ಶಾಲೆಗೆ ರಜೆ. ಇನ್ನೊಮ್ಮೆ ಆಗಸ್ಟ್ ಮೊದಲ ವಾರದಲ್ಲಿ, ಅದೂ ಹನ್ನೆರಡೂವರೆ ಆಸುಪಾಸು. ಮೋಡವಿಲ್ಲದಿದ್ದರೆ ಬಿಡಬೇಡಿ. ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ 1 ಮೀಟರ್ ಕೋಲಿನ ನೆರಳು ಸುಮಾರು 85 ಸೆಂಟಿಮೀಟರ್ ಬಂದಿರುತ್ತದೆ. ತಿಂಗಳಿಗೊಮ್ಮೆ ಅಳೆದು ಗೋಡೆಗೆ ಬರೆಸಿ. ಮಕ್ಕಳು ನೆರಳನ್ನಷ್ಟೇ ನೋಡಲಿ, ಸೂರ್ಯನನ್ನಲ್ಲ.

ಪಾಠ ಮುಗಿಸುವ ಒತ್ತಡ ಸುಳ್ಳಲ್ಲ, ಅದನ್ನು ಹಗುರ ಮಾಡಿ ಮಾತಾಡುವುದಿಲ್ಲ. ದಾರಿಗಳಿವೆ, ಎಲ್ಲದಕ್ಕೂ ಬೆಲೆ ಇದೆ. ಕೆಲವರು ವಾರವಿಡೀ ನೋಟ್ಸ್ ಬರೆಸಿ ಶನಿವಾರದ ಬೆಳಗಿನ ಶಾಲೆಯನ್ನು ಪ್ರಯೋಗಕ್ಕೆ ಇಡುತ್ತಾರೆ. ಮುಖ್ಯಗುರುಗಳು ಒಪ್ಪುತ್ತಾರೆ. ಆದರೆ ಪ್ರಯೋಗ ಒಂದು ಆಟದ ಹಾಗೆ ಆಗಿ, ಪಾಠಕ್ಕೂ ಅದಕ್ಕೂ ಸಂಬಂಧ ಕಡಿಯುತ್ತದೆ. ಕೆಲವರು ಮೊಬೈಲಿನಲ್ಲಿ ವಿಡಿಯೋ ತೋರಿಸುತ್ತಾರೆ. ಹೃದಯದ ಒಳಗು, ಗ್ರಹಗಳು, ಇಂಥ ಕಣ್ಣಿಗೆ ಸಿಗದ್ದಕ್ಕೆ ಅದು ಒಳ್ಳೆಯದು. ಬೀಜ ಮೊಳೆಯುವುದನ್ನು ವಿಡಿಯೋದಲ್ಲಿ ತೋರಿಸಿದರೆ ನನಗೆ ಸಂಕಟವಾಗುತ್ತದೆ. ಐದು ದಿನ ಕಾಯುವುದೇ ಅಲ್ಲಿಯ ಪಾಠ. ಎಲ್ಲ ಪಾಠವನ್ನೂ ಪ್ರಯೋಗದಿಂದಲೇ ಮಾಡುತ್ತೇನೆ ಅಂತ ಹೊರಟವರು ಸಾಮಾನ್ಯವಾಗಿ ಎರಡು ತಿಂಗಳಿಗೆ ದಣಿದು ಮೊದಲಿನಂತಾಗುತ್ತಾರೆ.

ನಾನಾದರೆ, ಪ್ರತಿ ಪಾಠಕ್ಕೆ ಒಂದೇ ಒಂದು ಒಳ್ಳೆಯ ಪ್ರಶ್ನೆ ಆರಿಸಿ ಮೊದಲ ಅವಧಿಯನ್ನು ಅದಕ್ಕೆ ಕೊಡುತ್ತೇನೆ. ಉಳಿದದ್ದನ್ನು ಬೇಗ ಓದಿಸುತ್ತೇನೆ, ಯಾಕೆಂದರೆ ನೋಡಿದ ಮೇಲೆ ಓದುವುದು ಬೇಗ ಸಾಗುತ್ತದೆ. ಗದ್ದಲ ಆಗುತ್ತದೆ, ಮೊದಲ ತಿಂಗಳು ಜಾಸ್ತಿ. ಪಕ್ಕದ ತರಗತಿಯವರಿಗೆ ಮುಂಚೆಯೇ ಹೇಳಿಡಿ. ಪಾಲಕರಿಗೆ ನೋಟ್ಸ್ ಬೇಕಲ್ಲ, ಮಕ್ಕಳೇ ಬರೆಯಲಿ: ನಾವು ಏನು ಅಂದುಕೊಂಡೆವು, ಏನು ಮಾಡಿದೆವು, ಏನು ಕಂಡಿತು. ಕೆಳಗೆ ಪುಸ್ತಕದ ಪ್ರಶ್ನೋತ್ತರವನ್ನೂ ಬರೆಸಿ. ಪರೀಕ್ಷೆ ಇರುವವರೆಗೆ ಅದನ್ನು ಬಿಟ್ಟುಬಿಡಿ ಅನ್ನುವ ಹಕ್ಕು ನನಗಿಲ್ಲ.

46 ಮಕ್ಕಳನ್ನು ಆರು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ 4 ಮತ್ತು 5 ಎರಡೂ ತರಗತಿಯವರು ಇರಲಿ. ಒಂದನ್ನು ಗಮನಿಸಿ. ಗುಂಪಿನಲ್ಲಿ ಹುಡುಗರು ಸಾಮಾನು ಹಿಡಿಯುತ್ತಾರೆ, ಹುಡುಗಿಯರು ಅಕ್ಷರ ಚೆಂದ ಅಂತ ಬರೆಯಲು ಕೂರುತ್ತಾರೆ. ನಾನು ತುಂಬಾ ತಡವಾಗಿ ಇದನ್ನು ನೋಡಿದೆ. ನೀರು ಹಾಕುವವರು, ಬರೆಯುವವರು, ಎದ್ದು ನಿಂತು ಹೇಳುವವರು, ಈ ಸರದಿ ಪ್ರತಿ ವಾರ ತಿರುಗಬೇಕು.

ಇನ್ನು ಆ ಹುಡುಗ. ನಾಳೆ ಬೆಳಗ್ಗೆ ಎಲ್ಲರ ಎದುರಿಗೆ ಅವನನ್ನು ಕರೆಯಿರಿ. ‘ಅವತ್ತು ಪಾಟಿ ತಣ್ಣಗ ಅದ ಅಂದಿದ್ದೆಲ್ಲ, ಖರೆ ಇತ್ತು. ನಾನು ಹೇಳಿದ್ದು ಸರಿ ಇರಲಿಲ್ಲ’ ಅನ್ನಿ. ಅವನ ಒಂದು ಅಂಗೈಗೆ ನೀರು ಹಚ್ಚಿ, ಇನ್ನೊಂದು ಒಣಗಿರಲಿ. ಎರಡರ ಮೇಲೂ ಊದಲು ಹೇಳಿ. ಯಾವ ಕೈಗೆ ತಣ್ಣಗೆ ಹತ್ತಿತು ಅಂತ ಅವನೇ ಉಳಿದ 45 ಮಕ್ಕಳಿಗೆ ಹೇಳಲಿ. ಆಮೇಲೆ ಅವರೆಲ್ಲರೂ ಊದುತ್ತಾರೆ, ಗದ್ದಲ ಆಗುತ್ತದೆ, ಆಗಲಿ.